ಉಳ್ಳಾಗಡ್ಡಿಗೆ ಬಲ್ಬು ಹತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು

ಗೊತ್ತಿತ್ತು. ಊಹೆಯಲ್ಲ, ಅನುಮಾನವಲ್ಲ — ಗೊತ್ತಿತ್ತು. ಆದರೂ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ನನ್ನೆದುರು ನಿಂತು ಕೇಳಿದಾಗ, "ನಾಳೆ ಹತ್ತತೈತಿ" ಎಂದೆ. ಅವಳು ನಂಬಿದಳು. ಮರುದಿನ ಊರವರ ಮುಂದೆ ನಿಂತಳು. ಬಲ್ಬು ಹತ್ತಲಿಲ್ಲ. ಆಮೇಲೆ ಅವಳು ಶಾಲೆಗೆ ಬರಲಿಲ್ಲ.

ಒಪ್ಪಿಕೊಳ್ಳಬೇಕಾದ್ದು ಇಷ್ಟೇ, ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು. ನಾಲ್ಕು ಮಾತಿನಲ್ಲಿ ಒಪ್ಪಿಕೊಂಡದ್ದನ್ನು ನಲವತ್ತು ಮಾತಿನಲ್ಲಿ ಹಿಂದಕ್ಕೆ ತೆಗೆದುಕೊಳ್ಳುವ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಹಾಗಾಗಿ ಎಚ್ಚರದಿಂದ ಓದಿ. ಮುಂದೆ ಎಲ್ಲೆಲ್ಲಿ ನಾನು ಬುದ್ಧಿವಂತನ ಹಾಗೆ ಕಾಣುತ್ತೇನೋ, ಅಲ್ಲಲ್ಲಿ ನನ್ನನ್ನು ನಂಬಬೇಡಿ.

ನನ್ನೂರು ಕೊಟ್ಟೂರು. ಬಿ.ಎಡ್. ಮುಗಿಸಿ, ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿ ದಾರಿಯ ಒಂದು ಹಳ್ಳಿಯ ಹೈಸ್ಕೂಲಿಗೆ ತಾತ್ಕಾಲಿಕ ಮೇಷ್ಟ್ರಾಗಿ ಸೇರಿದ್ದೆ. ಸಮಾಜ ವಿಜ್ಞಾನ ನನ್ನ ವಿಷಯ. ಎರಡು ಸಾವಿರದ ಎಂಟರ ಆಸುಪಾಸು. ವಯಸ್ಸು ಚಿಕ್ಕದು, ನಾಲಿಗೆ ದೊಡ್ಡದು. ಕಾಲೇಜಿನಲ್ಲಿ ಇದ್ದಷ್ಟು ವರ್ಷವೂ ಪರ್ಯಾಯ ಪಾರಿತೋಷಕ ನಮ್ಮ ಕಾಲೇಜಿನ ಕಪಾಟು ಬಿಟ್ಟು ಹೊರಗೆ ಹೋಗಿರಲಿಲ್ಲ. ಪರ ಮಾತಾಡು ಎಂದರೆ ಪರ, ವಿರೋಧ ಎಂದರೆ ವಿರೋಧ. ನಮಗೆ ತರಬೇತಿ ಕೊಟ್ಟ ಉಪನ್ಯಾಸಕರು ಒಂದು ಪಾಠ ಹೇಳಿಕೊಟ್ಟಿದ್ದರು — ಎದುರಿನವರ ತಪ್ಪು ಕಂಡಾಕ್ಷಣ ಎತ್ತಬೇಡ, ಕೊನೆಯ ಉತ್ತರದ ಪಾಳಿಗೆ ಇಟ್ಟುಕೋ. ಆಗ ಅವರಿಗೆ ಮರುಮಾತಿನ ಸರದಿ ಇರುವುದಿಲ್ಲ. ವೇದಿಕೆಯ ಮೇಲೆ ಅದು ಒಳ್ಳೆಯ ಪಾಠವೇ. ವೇದಿಕೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಅವರು ಹೇಳಿಕೊಡಲಿಲ್ಲ — ಅಥವಾ ಹೇಳಿದ್ದರೋ ಏನೋ, ಗೆದ್ದ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ.

ಆ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಕೊಟ್ರೇಶಪ್ಪ. ಐವತ್ತರ ಹತ್ತಿರದವರು, ಕನ್ನಡ ಮಾಧ್ಯಮದಲ್ಲಿ ಓದಿದವರು. ಇಂಗ್ಲಿಷ್ ಪುಸ್ತಕವನ್ನು ಬೆರಳಿಟ್ಟು ಓದುತ್ತಿದ್ದರು, ಆಡುವ ಇಂಗ್ಲಿಷು ಅವರ ಕಿವಿಗೆ ಹತ್ತುತ್ತಿರಲಿಲ್ಲ. ಭಾನುವಾರಗಳಲ್ಲಿ ಹರಪನಹಳ್ಳಿಯ ಇಂಟರ್ನೆಟ್ ಸೆಂಟರಿನಲ್ಲಿ ಕೂತು ಪಾಠಕ್ಕೆ ಹೊಂದುವ ವಿಡಿಯೋ ಹುಡುಕುತ್ತಿದ್ದರು. ಎರಡು ನಿಮಿಷದ ವಿಡಿಯೋ ಇಳಿಯಲು ಅರ್ಧ ಮುಂಜಾನೆ. ಅದನ್ನು ಸಿ.ಡಿ.ಗೆ ಹಾಕಿಸಿಕೊಂಡು ಬಂದು, ಊರಿನವರೊಬ್ಬರು ಕೊಟ್ಟ ಹಳೆಯ ಟಿ.ವಿ.ಯಲ್ಲಿ ತೋರಿಸುತ್ತಿದ್ದರು. ದನಿ ಪೂರ್ತಿ ಬಂದ್ ಮಾಡಿ, ಪಕ್ಕದಲ್ಲಿ ಬೆತ್ತ ಹಿಡಿದು ನಿಂತು, ಮಾತು ತಾವೇ ಹೇಳುವುದು.

"ನೋಡ್ರಲೇ, ಇದು ಹೃದಯ. ನಿಮ್ಮಪ್ಪನ ಬೋರಿನ ಪಂಪ್ ಇದ್ದಂಗ. ಆದ್ರ ಇದಕ್ಕ ಕರೆಂಟ್ ಹೋಗಂಗಿಲ್ಲ. ಹೋತಂದ್ರ — ಹೋತು."

ಹುಡುಗರು ನಗುತ್ತಿದ್ದರು. ನಕ್ಕವರು ಮರೆಯುತ್ತಿರಲಿಲ್ಲ.

ನನಗೆ ಇದರಿಂದ ಏನು ಕಷ್ಟ? ಹೇಳುತ್ತೇನೆ, ಚಿಕ್ಕದಾಗಿದೆ, ನಾಚಿಕೆಯಾಗುತ್ತದೆ. ಟಿ.ವಿ. ನಡೆಯಬೇಕೆಂದರೆ ಕರೆಂಟು ಬೇಕು. ಆ ಊರಿಗೆ ಕರೆಂಟು ಒಂದು ವಾರ ಬೆಳಿಗ್ಗೆ, ಒಂದು ವಾರ ಮಧ್ಯಾಹ್ನ, ಅದೂ ಅದರ ಮನಸ್ಸು ಬಂದಾಗ. ಶಾಲೆಯ ಎದುರಿಗೇ ಹಿಟ್ಟಿನ ಗಿರಣಿ. ಗಿರಣಿ ಗರ್ ಎಂದಿತೆಂದರೆ ಕರೆಂಟು ಬಂತೆಂದು ಅರ್ಥ. ಬಂತೆಂದರೆ ಯಾರ ಪೀರಿಯಡ್ ನಡೆಯುತ್ತಿದ್ದರೂ ನಿಲ್ಲಿಸಿ ವಿಜ್ಞಾನ ಶುರು ಮಾಡಬೇಕು — ಹೆಡ್ ಮಾಸ್ತರರ ಒಪ್ಪಿಗೆಯಿತ್ತು. ನಾನು ಅಕ್ಬರನ ಬಗ್ಗೆ ಹೇಳುತ್ತಿರುವಾಗ ಗಿರಣಿ ಶುರುವಾಗುತ್ತಿತ್ತು. ಅಷ್ಟು ಹೊತ್ತು ತೂಕಡಿಸುತ್ತಿದ್ದ ಹುಡುಗರು ದಡಕ್ಕನೆ ಎದ್ದು, "ಸರ್, ಗಿರಣಿ! ಗಿರಣಿ!" ಎಂದು ಬೆಂಚುಗಳನ್ನು ಎಳೆಯಲು ಶುರು ಮಾಡುತ್ತಿದ್ದರು. ನಾನು ಚಾಕ್‌ಪೀಸು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ.

ಸಭೆಯನ್ನು ಕಟ್ಟಿಹಾಕುವವನು ನಾನು ಎಂದು ಸರ್ಟಿಫಿಕೇಟುಗಳಲ್ಲಿ ಬರೆದಿತ್ತು. ನಲವತ್ತು ಹುಡುಗರನ್ನು ಒಂದು ಹಿಟ್ಟಿನ ಗಿರಣಿ ನನ್ನಿಂದ ಕಸಿದುಕೊಳ್ಳುತ್ತಿತ್ತು.

ಒಂದು ದಿನ ಸ್ಟಾಫ್ ರೂಮಿನಲ್ಲಿ ವಾದಕ್ಕೆ ಇಳಿದೆ. "ಮಕ್ಳು ನೋಡ್ತಾರ್ರಿ ಸರ್, ಕಲಿಯಂಗಿಲ್ಲ. ಟಿ.ವಿ. ಮುಂದ ಕುಂತವ್ರೆಲ್ಲಾ ಶಾಣ್ಯಾರಾಗದಾದ್ರ ಊರಾಗ ದಡ್ಡರು ಯಾರೂ ಇರ್ತಿರಲಿಲ್ಲ. ಅಲ್ಲದ ನೆಟ್ಟಿನಾಗ ಯಾರ್ ಬೇಕಾದ್ರೂ ಏನ್ ಬೇಕಾದ್ರೂ ಹಾಕ್ಬೋದು. ಅದು ಖರೇನೋ ಸುಳ್ಳೋ, ತೂಗಿ ನೋಡವ್ರು ಯಾರು?"

ಕೊಟ್ರೇಶಪ್ಪ ಸರ್ ಚಹಾದ ಲೋಟ ಕೆಳಗಿಟ್ಟರು. "ವಕೀಲ್ರೇ" — ಸ್ಟಾಫಿನವರೆಲ್ಲ ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ — "ನೀವು ಹೇಳಾದು ಖರೇನ ಐತಿ. ಆದ್ರ ಈ ತಿಂಗಳದಾಗ ಅಕ್ಬರ ನಿಮ್ಮ ಕೈಯಾಗ ಮೂರ್ ಸಲ ಸತ್ತ. ಒಬ್ಬನಾರ ಎದ್ದು ಅಯ್ಯೋ ಅಂದನೇನ್ರಿ?"

ಎಲ್ಲರೂ ನಕ್ಕರು. ಹೆಡ್ ಮಾಸ್ತರರಿಗೆ ಕೆಮ್ಮು ಬರುವಷ್ಟು ನಗು. ನಾನೂ ನಕ್ಕೆ — ನಗದೆ ಇರುವುದು ಸೋತದ್ದನ್ನು ಒಪ್ಪಿಕೊಂಡ ಹಾಗೆ. ಆದರೆ ಒಳಗೆ... ಅವರ ಮಾತಿನಲ್ಲಿ ವಿಷವಿರಲಿಲ್ಲ. ಆ ಸಂಜೆ ನನ್ನ ಜೊತೆ ಬಸ್ ಸ್ಟಾಪಿನವರೆಗೆ ನಡೆದು ಬಂದು, "ಬ್ಯಾಸರ ಮಾಡ್ಕೋಬ್ಯಾಡ್ರಿ, ನಿಮಗೂ ಒಂದು ಅಕ್ಬರನ ವಿಡಿಯೋ ಹುಡುಕ್ತೀನಿ" ಎಂದರು. ಅದು ನನಗೆ ಇನ್ನೂ ಉರಿಯಿತು.

ಈಗ ದುರುಗಮ್ಮನ ವಿಷಯ.

ದುರುಗಮ್ಮ ಒಂಬತ್ತನೆಯ ತರಗತಿಯವಳು. ಅರ್ಧ ವಾರ ಶಾಲೆಗೆ, ಅರ್ಧ ವಾರ ಅವ್ವನ ಜೊತೆ ಉಳ್ಳಾಗಡ್ಡಿ — ನೀವು ಈರುಳ್ಳಿ ಎನ್ನುವುದು — ಕೊಯ್ಯುವ ಕೂಲಿಗೆ. ಅಪ್ಪ ಹನುಮಂತಪ್ಪನೂ ಅದೇ ಕೆಲಸ. ತರಗತಿಯಲ್ಲಿ ಅವಳ ದನಿ ಕೇಳಿದವರಿರಲಿಲ್ಲ. ಟಿ.ವಿ. ಬಂದ ಮೇಲೆ ಅವಳು ಶಾಲೆ ತಪ್ಪಿಸುವುದನ್ನು ಬಿಟ್ಟಳು. ವಿಡಿಯೋ ಮುಗಿದ ಮೇಲೂ ಕತ್ತಲಾದ ಟಿ.ವಿ.ಯನ್ನೇ ನೋಡುತ್ತಾ ಕೂತು, ಆಮೇಲೆ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದಳಂತೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಕೊಟ್ರೇಶಪ್ಪ ಸರ್ ಮತ್ತೊಂದು ಭಾನುವಾರ ಹರಪನಹಳ್ಳಿಗೆ ಹೋಗುತ್ತಿದ್ದರು.

ವಿದ್ಯುತ್ ಕೋಶದ ಪಾಠ ನಡೆಯುತ್ತಿದ್ದಾಗ ಅವರು ಒಂದು ವಿಡಿಯೋ ತಂದರು. ಒಂದು ಉಳ್ಳಾಗಡ್ಡಿ. ಅದಕ್ಕೆ ಎರಡು ಲೋಹದ ಕಡ್ಡಿ ಚುಚ್ಚಿ, ವಯರು ಹಚ್ಚಿ, ಟಾರ್ಚಿನ ಸಣ್ಣ ಬಲ್ಬಿಗೆ ಮುಟ್ಟಿಸುತ್ತಾರೆ — ಬಲ್ಬು ಝಗ್ ಎಂದು ಹತ್ತುತ್ತದೆ. ನಾನು ಆ ದಿನವೂ ಬಾಗಿಲಲ್ಲಿ ನಿಂತು ನೋಡಿದೆ. ತರಗತಿಯಲ್ಲಿ ಎದ್ದ ಕೇಕೆ ಗಿರಣಿಯ ಸದ್ದನ್ನು ಮುಳುಗಿಸಿತು.

"ನಮ್ಮೂರಾಗ ಕರೆಂಟಿಗೆ ಬರ ಐತಿ, ಉಳ್ಳಾಗಡ್ಡಿಗೆ ಬರ ಇಲ್ಲ," ಎಂದರು ಸರ್.

"ಸರ್, ಹಂಗಾರ ನಮ್ಮ ಶೆಡ್ಡಿನ ತುಂಬಾ ಕರೆಂಟ್ ಐತ್ರಿ!" ಎಂದ ಒಬ್ಬ.

"ಲೇ, ರಾಶಿ ಮ್ಯಾಲೆ ಮಲಗಬ್ಯಾಡ್ಲೇ, ಶಾಕ್ ಹೊಡದೀತು!"

ನೀವು ಬೇರೆ ಊರಿನವರಾದರೆ ಇದರಲ್ಲಿ ಇಷ್ಟೊಂದು ಏನಿದೆ ಎನ್ನಬಹುದು. ಕೈಗೆ ವರ್ಷವಿಡೀ ಉಳ್ಳಾಗಡ್ಡಿಯ ವಾಸನೆ ಹತ್ತಿದ ಮಕ್ಕಳು ಅವರು. ಆ ವಾಸನೆಗೆ ಬೇರೆ ಊರಿನ ಹಾಸ್ಟೆಲುಗಳಲ್ಲಿ ನಗೆಪಾಟಲಾದ ಅಣ್ಣಂದಿರು ಅವರಿಗಿದ್ದರು. ಆ ಉಳ್ಳಾಗಡ್ಡಿಯೇ ಬೆಳಕು ಕೊಡುತ್ತದೆ ಎಂದರೆ — ನಂಬದೆ ಏನು ಮಾಡುತ್ತಾರೆ? ಸರ್ ಕೂಡ ಪರೀಕ್ಷೆ ಮಾಡದೆ ನಂಬಿದ್ದು ಅದಕ್ಕೇ. ನಿಂಬೆಹಣ್ಣಿನ ಕೋಶ ಪುಸ್ತಕದಲ್ಲೇ ಇತ್ತು, ಇದು ಅದರ ಅಣ್ಣ ಎಂದುಕೊಂಡರು. ಅವರ ತಪ್ಪು ಅದೊಂದೇ.

ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ನಿಗದಿಯಾಗಿತ್ತು, ಅದರಲ್ಲಿ ಉಳ್ಳಾಗಡ್ಡಿಯಿಂದ ಬಲ್ಬು ಹತ್ತಿಸಿ ತೋರಿಸಲು ಸರ್ ದುರುಗಮ್ಮನನ್ನು ಆರಿಸಿದ್ದರು. ಅದಕ್ಕೆ ಸ್ವಲ್ಪ ಮುಂಚೆ ಹನುಮಂತಪ್ಪ ಸ್ಟಾಫ್ ರೂಮಿಗೆ ಬಂದ. ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟು, ಟವೆಲ್ಲು ಕೈಗೆ ತೆಗೆದುಕೊಂಡು ನಿಂತ.

"ಸರ್, ದುರುಗೀನ ಬಿಡಿಸ್ತೀವ್ರಿ. ಒಂಬತ್ತಕ್ಕ ಸಾಕು. ನಮ್ಮ ಅಕ್ಕನ ಮನ್ಯಾಗ ಹೆಣ್ಣು ಕೇಳ್ಯಾರ."

"ಏ ಹನುಮಂತಪ್ಪ, ಹುಡುಗಿ ಸಣ್ಣಾಕಿ ಅದಾಳ. ಒಂದ್ ಮಾತು ಕೇಳು," ಎಂದರು ಕೊಟ್ರೇಶಪ್ಪ ಸರ್. "ಪ್ರದರ್ಶನದ ದಿನ ನಿನ್ನ ಮಗಳು ಊರ ಮುಂದ ನಿಂತು ಮಾತಾಡ್ತಾಳ. ಬಂದು ನೋಡು. ನೋಡಿದ ಮ್ಯಾಲೂ ಬಿಡಸ್ಬೇಕು ಅನಿಸಿದ್ರ ನಾ ಅಡ್ಡ ಬರಂಗಿಲ್ಲ."

"ದುರುಗಿ? ಮಾತಾಡ್ತಾಳ?" ಅವನು ನಕ್ಕ. "ಮನ್ಯಾಗ ಚರಗಿ ನೀರು ಕೇಳಿದ್ರ ಹೂಂ ಅನ್ನಂಗಿಲ್ರಿ ಆಕಿ." ಟವೆಲ್ಲು ಮತ್ತೆ ಹೆಗಲಿಗೆ ಹಾಕಿಕೊಂಡ. ಆಮೇಲೆ, "ಆತ್ರಿ ಸರ್. ನೀವು ಇಷ್ಟು ಹೇಳ್ತೀರಂದ್ರ ಬರ್ತೀನಿ. ನಾಕ್ ಮಂದಿ ಮುಂದ ಚಂದ ಮಾಡಿದ್ಲಂದ್ರ ಹತ್ತರ ತನಕ ಕಳಸ್ತೀನಿ. ನನ್ನ ಮಾತು ಮಾತು."

ನಾನು ಅದೇ ಕೋಣೆಯಲ್ಲಿ, ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಪತ್ರಿಕೆ ಓದುತ್ತಾ ಕೂತಿದ್ದೆ. ಪ್ರತಿ ಮಾತೂ ಕೇಳಿಸಿತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ "ಅಷ್ಟೊಂದು ಅದರ ಮೇಲೆ ನಿಂತಿತ್ತೆಂದು ನನಗೆ ತಿಳಿದಿರಲಿಲ್ಲ" ಎಂಬ ವಾದ ನನಗೆ ಆಗಾಗ ಹೊಳೆಯುತ್ತದೆ. ಚೆನ್ನಾಗಿಯೇ ಹೊಳೆಯುತ್ತದೆ. ಸುಳ್ಳು. ತಿಳಿದಿತ್ತು.

ಆ ವಾರ ಕೊಟ್ರೇಶಪ್ಪ ಸರ್‌ಗೆ ಜಿಲ್ಲಾ ಕೇಂದ್ರದಲ್ಲಿ ತರಬೇತಿ ಬಂತು. ಪ್ರದರ್ಶನದ ದಿನ ಬೆಳಗಿನ ಬಸ್ಸಿಗೆ ಬರುತ್ತೇನೆ, ಅಷ್ಟರಲ್ಲಿ ತಯಾರಾಗಿರು ಎಂದು ದುರುಗಮ್ಮನಿಗೆ ಕಡ್ಡಿ, ವಯರು, ಬಲ್ಬು ಕೊಟ್ಟು ಹೋದರು. ಆ ಭಾನುವಾರ ನಾನು ಹರಪನಹಳ್ಳಿಯ ಅದೇ ಇಂಟರ್ನೆಟ್ ಸೆಂಟರಿನಲ್ಲಿ ಕೂತೆ. ಅದೇ ವಿಡಿಯೋ ತೆಗೆದೆ. ಅದರ ಕೆಳಗೆ ನೋಡಿದವರು ಬರೆದ ಇಂಗ್ಲಿಷ್ ಟಿಪ್ಪಣಿಗಳಿದ್ದವು. ಸರ್ ಅವನ್ನು ಓದುವ ಗೋಜಿಗೆ ಹೋಗಿರಲಾರರು. ನಾನು ಓದಿದೆ. ಇದು ಮೋಸ, ಉಳ್ಳಾಗಡ್ಡಿಯ ಹೊಟ್ಟೆ ಕೊರೆದು ಒಳಗೆ ಸಣ್ಣ ಬ್ಯಾಟರಿ ಇಟ್ಟಿದ್ದಾರೆ ಎಂದು ಒಬ್ಬರಲ್ಲ, ಹಲವರು ಬರೆದಿದ್ದರು. ಬೇರೆ ಕಡೆಯೂ ಹುಡುಕಿದೆ. ಉಳ್ಳಾಗಡ್ಡಿಗೆ ಎರಡು ಬೇರೆ ಲೋಹ ಚುಚ್ಚಿದರೆ ಒಂದಿಷ್ಟು ವಿದ್ಯುತ್ತು ಹುಟ್ಟುವುದು ನಿಜ. ಸೂಕ್ಷ್ಮ ಮೀಟರಿನ ಮುಳ್ಳು ಅಲುಗಾಡೀತು. ಬಲ್ಬು ಹತ್ತಿಸುವ ಶಕ್ತಿ ಅದಕ್ಕಿಲ್ಲ.

ಸರ್ ಅವರ ಮೊಬೈಲ್ ನಂಬರು ನನ್ನ ಹತ್ತಿರ ಇತ್ತು. ಫೋನು ಜೇಬಿನಲ್ಲಿತ್ತು.

ನನಗೆ ಆ ಕ್ಷಣ ಆದದ್ದು ಸಿಟ್ಟಲ್ಲ, ದುಃಖವಲ್ಲ — ಖುಷಿ. ಹೇಳುವುದಕ್ಕೂ ಅಸಹ್ಯ. ತೂಗಿ ನೋಡುವವರು ಯಾರು ಎಂದು ಕೇಳಿದ್ದೆನಲ್ಲ, ಅದಕ್ಕೆ ಇವರೆಲ್ಲ ನಕ್ಕಿದ್ದರಲ್ಲ! ಈಗ ಅವರ ತಪ್ಪು ನನ್ನ ಕೈಯಲ್ಲಿತ್ತು. ಪ್ರದರ್ಶನಕ್ಕೆ ಇನ್ನೂ ದಿನಗಳಿದ್ದವು. ಇಟ್ಟುಕೊಂಡೆ. ಉತ್ತರದ ಪಾಳಿಗೆ ಇಟ್ಟುಕೊಂಡೆ.

ನಡುವೆ ಒಬ್ಬ ಹುಡುಗಿ ನಿಂತಿದ್ದಾಳೆ ಎಂಬುದು ನೆನಪಿಗೆ ಬರಲಿಲ್ಲವೇ? ಬಂತು. ಬಂದಾಗ ನಾನು ಅದಕ್ಕೂ ಒಂದು ವಾದ ಕಟ್ಟಿದೆ: ಒಬ್ಬಳು ಒಂದು ದಿನ ನೊಂದರೆ ನಲವತ್ತು ಮಕ್ಕಳು ಸುಳ್ಳಿನಿಂದ ಪಾರಾಗುತ್ತಾರೆ. ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ಈ ವಾದಕ್ಕೆ ಯಾವ ತೀರ್ಪುಗಾರರಾದರೂ ಅಂಕ ಕೊಡುತ್ತಿದ್ದರು.

ಹಿಂದಿನ ದಿನ ಸಂಜೆ ಶಾಲೆ ಬಿಟ್ಟ ಮೇಲೆ ದುರುಗಮ್ಮ ಬಂದಳು. ಉಡಿಯಲ್ಲಿ ನಾಲ್ಕಾರು ಉಳ್ಳಾಗಡ್ಡಿ, ಎಲ್ಲಕ್ಕೂ ತೂತು.

"ಸರ್, ಬಲ್ಬ್ ಹತ್ತವಲ್ದ್ರಿ."

"ಕೊಟ್ರೇಶಪ್ಪ ಸರ್ ಬರ್ತಾರಲ್ಲ ನಾಳೆ, ಅವರನ್ನ ಕೇಳು."

"ಅವ್ರು ಬರಾದು ತಡ ಆಕ್ಕೈತ್ರಿ. ಅಲ್ಲದ... ನೀವು ಯಾವುದನ್ನೂ ಸುಮ್ನ ನಂಬಂಗಿಲ್ಲಂತಲ್ರಿ ಸರ್. ಅದಕ್ಕ ನಿಮ್ಮನ್ನ ಕೇಳಾಕ ಬಂದೆ."

ಏನನ್ನೂ ಸುಮ್ಮನೆ ನಂಬದವನು — ಹಾಗೆಂದೇ ನನ್ನ ಮಾತಿಗೆ ಅವಳಲ್ಲಿ ಬೆಲೆ. ನನ್ನ ಸಂದೇಹಬುದ್ಧಿಯನ್ನು ಅಷ್ಟು ಗೌರವದಿಂದ ಕಂಡವರು ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಇಲ್ಲ.

"ಹತ್ತತೈತಿ," ಎಂದೆ. "ಇವು ಹಳೇ ಉಳ್ಳಾಗಡ್ಡಿ. ಹಸೀದು ತಗೋ. ನಾಳೆ ಹತ್ತತೈತಿ."

ಅವಳು ತಲೆಯಾಡಿಸಿ ಹೋದಳು.

ಪ್ರದರ್ಶನದ ದಿನ ಶಾಲೆಯ ಅಂಗಳದ ತುಂಬ ಜನ. ಊರ ಹಿರಿಯರಿಗೆ ಮುಂದೆ ಕುರ್ಚಿ, ತಂದೆ ತಾಯಿಗಳು ಹಿಂದೆ ನಿಂತಿದ್ದರು. ಹನುಮಂತಪ್ಪ ಒಗೆದ ಅಂಗಿ ತೊಟ್ಟು ಬಂದಿದ್ದ. ಕೊಟ್ರೇಶಪ್ಪ ಸರ್ ಬಸ್ಸಿಳಿದು, ಕೈಯಲ್ಲಿ ಚೀಲ ಇರುವಂತೆಯೇ ನೇರ ಅಂಗಳಕ್ಕೆ ಬಂದರು. ಅಷ್ಟು ಹೊತ್ತಿಗೆ ಹೆಡ್ ಮಾಸ್ತರರು ಅವಳ ಹೆಸರು ಕರೆದಾಗಿತ್ತು.

ದುರುಗಮ್ಮ ಮಾತಾಡಿದಳು. ಇದನ್ನು ಬರೆಯಲೇಬೇಕು — ಬಹಳ ಚೆನ್ನಾಗಿ ಮಾತಾಡಿದಳು. ಮೊದಲ ಎರಡು ಮಾತು ನಡುಗಿದವು, ಆಮೇಲೆ ನೆಟ್ಟಗಾದವು. ವಿದ್ಯುತ್ತು ಎಲ್ಲಿಂದ ಬರುತ್ತದೆ, ಲೋಹ ಏಕೆ ಬೇಕು, ರಸ ಏಕೆ ಬೇಕು ಎಂಬುದನ್ನು ಕೂಲಿಗೆ ಬಂದ ಹೆಂಗಸರಿಗೆ ತಿಳಿಯುವ ಹಾಗೆ ಹೇಳಿದಳು. ಹನುಮಂತಪ್ಪ ಪಕ್ಕದವನ ಹೆಗಲ ಮೇಲೆ ಕೈಯಿಟ್ಟು ತುದಿಗಾಲ ಮೇಲೆ ನಿಂತು ನೋಡುತ್ತಿದ್ದ. ಅಲ್ಲಿಗೇ ಕಾರ್ಯಕ್ರಮ ನಿಂತಿದ್ದರೆ...

ವಯರು ಮುಟ್ಟಿಸಿದಳು. ಹತ್ತಲಿಲ್ಲ. ಇನ್ನೊಂದು ಉಳ್ಳಾಗಡ್ಡಿ ತೆಗೆದುಕೊಂಡಳು. ಹತ್ತಲಿಲ್ಲ. ಮೂರನೆಯದು. ಅಂಗಳದಲ್ಲಿ ಗುಜುಗುಜು ಎದ್ದಿತು. ಹಿಂದಿನಿಂದ ಯಾರೋ ಕೂಗಿದರು: "ಹೆಚ್ಚಿಬಿಡವ್ವಾ, ಬಜಿನಾರ ಕರಿಯಾಣ!"

ನಗು ಅಂಗಳದ ಈ ತುದಿಯಿಂದ ಆ ತುದಿಗೆ ಹೋಯಿತು. ಹುಡುಗಿ ತಲೆಯೆತ್ತಿ ನನ್ನ ಕಡೆ ನೋಡಿದಳು. ಕೊಟ್ರೇಶಪ್ಪ ಸರ್ ಕಡೆಯಲ್ಲ, ಅಪ್ಪನ ಕಡೆಯಲ್ಲ — ನನ್ನ ಕಡೆ.

ನಾನು ಎದ್ದು ನಿಂತೆ. ಅವಳ ಸಹಾಯಕ್ಕೆಂದು ಅವಳು ತಿಳಿದಿರಬೇಕು.

ಐದು ನಿಮಿಷ ಮಾತಾಡಿದೆ. ನನ್ನ ಜೀವನದ ಅತ್ಯುತ್ತಮ ಭಾಷಣಗಳಲ್ಲಿ ಅದೂ ಒಂದು. ಟಿ.ವಿ.ಯಲ್ಲಿ ಕಂಡದ್ದೆಲ್ಲ ಸತ್ಯವಲ್ಲ. ಆ ವಿಡಿಯೋದ ಉಳ್ಳಾಗಡ್ಡಿಯೊಳಗೆ ಬ್ಯಾಟರಿ ಇಟ್ಟಿರಬೇಕು. ಮಾಡಿ ನೋಡದೆ ಮಕ್ಕಳಿಗೆ ತೋರಿಸುವುದು ವಿಜ್ಞಾನವಲ್ಲ, ಗಾರುಡಿ. ಪಾಠದ ಪೀರಿಯಡ್ಡುಗಳನ್ನು ನುಂಗಿ ನಾವು ಮಕ್ಕಳಿಗೆ ಕಲಿಸಿದ್ದು ಇದನ್ನೇ. ಮುಳ್ಳು ಅಲುಗಾಡುವಷ್ಟು ವಿದ್ಯುತ್ತು ಹುಟ್ಟುವುದು ನಿಜ, ಹುಡುಗಿ ಹೇಳಿದ ತತ್ವದಲ್ಲಿ ತಪ್ಪಿಲ್ಲ ಎಂಬ ಮಾತನ್ನು ಬಿಟ್ಟೆ. ಮರೆತು ಬಿಟ್ಟದ್ದಲ್ಲ. ಅದನ್ನು ಹೇಳಿದ್ದರೆ ಅವಳಿಗೂ ಸರ್‌ಗೂ ನಿಲ್ಲಲು ಕಾಲಡಿ ಒಂದಿಷ್ಟು ನೆಲ ಸಿಗುತ್ತಿತ್ತು. ಕೊನೆಗೆ ಸರ್ ಕಡೆ ತಿರುಗಿ, "ನೀವು ಇದನ್ನ ಒಂದ್ ಸಲನಾರ ಮಾಡಿ ನೋಡಿದ್ರೇನ್ರಿ ಸರ್?" ಎಂದೆ.

ಕೊಟ್ರೇಶಪ್ಪ ಸರ್ ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ. "ಇಲ್ಲ," ಎಂದರು.

ಚಪ್ಪಾಳೆ ಬಿತ್ತು. ಹೌದು, ಚಪ್ಪಾಳೆ.

ಜನ ಚದುರಿದ ಮೇಲೆ ಗೇಟಿನ ಹತ್ತಿರ ಹನುಮಂತಪ್ಪ ಮಗಳ ಕೈ ಹಿಡಿದು ನಿಂತಿದ್ದ. ಸರ್ ಅವನೆದುರು ಏನೋ ಹೇಳಲು ತೊದಲುತ್ತಿದ್ದರು. "ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಸರ್," ಎಂದ ಅವನು, ಬಹಳ ಮೆಲ್ಲಗೆ. "ಹುಡುಗೀನ ಮಂದ್ಯಾಗ ನಿಂದ್ರಿಸಿ ನಗಿಸಿದ್ರಲ್ಲ, ಅಷ್ಟ. ನಾವು ಓದಿದವರಲ್ಲ. ನಮಗ ಯಾವುದು ಖರೆ ಯಾವುದು ಸುಳ್ಳು ತಿಳಿಯಂಗಿಲ್ಲ. ತಿಳಿದವ್ರೂ ಹಿಂಗ ಮಾಡಿದ್ರ..." ದುರುಗಮ್ಮ ನೆಲ ನೋಡುತ್ತಿದ್ದಳು. ಒಂದು ಮಾತು ಸಾಕಾಗಿತ್ತು ಅವಳಿಗೆ — ನಿನ್ನೆ ಸಂಜೆ ಈ ಸರ್ ನನಗೆ ಹತ್ತತೈತಿ ಅಂದಿದ್ರು. ಅವಳು ಹೇಳಲಿಲ್ಲ. ಅಂದೂ ಹೇಳಲಿಲ್ಲ, ನನಗೆ ತಿಳಿದ ಮಟ್ಟಿಗೆ ಎಂದೂ ಹೇಳಿಲ್ಲ.

ಮರುವಾರ ಸರ್ ನನ್ನನ್ನು ಒಂದೇ ಸಲ ಕೇಳಿದರು: "ವಕೀಲ್ರೇ, ನಿಮಗ ಮೊದಲ ಗೊತ್ತಿತ್ತೇನ್ರಿ?"

"ಇಲ್ರಿ ಸರ್. ಅಲ್ಲೇ ನಿಂತಾಗ ಹೊಳೀತು."

"ಹಂಗಾರ ಛಲೋ ಆತು ಬಿಡ್ರಿ. ನೀವು ಹೇಳ್ದಿದ್ರ ನಾ ಇನ್ನೂ ಎಷ್ಟು ಹುಡುಗರಿಗೆ ಸುಳ್ಳು ತೋರಸ್ತಿದ್ನೋ."

ನನಗೆ ಕೃತಜ್ಞತೆ ಹೇಳಿದರು! ಟಿ.ವಿ.ಯನ್ನು ಕೊಟ್ಟವರ ಮನೆಗೆ ಹಿಂದಿರುಗಿಸಿದರು. ಸಿ.ಡಿ.ಗಳು ಏನಾದವೋ ತಿಳಿಯದು. ಆಮೇಲಿನ ಅವರ ಪಾಠಗಳನ್ನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡಿದ್ದೇನೆ — ಪುಸ್ತಕದಲ್ಲಿದ್ದದ್ದನ್ನು ಪುಸ್ತಕದಲ್ಲಿದ್ದ ಹಾಗೆ, ಒಂದು ಮಾತು ಆಚೆಗಿಲ್ಲ, ಒಂದು ನಗೆಯಿಲ್ಲ. ಮಾಡಿ ನೋಡದ್ದನ್ನು ಹೇಳಬಾರದೆಂದು ಅವರು ತೀರ್ಮಾನಿಸಿದ್ದರು. ಮಾಡಿ ನೋಡಲು ಶಾಲೆಯಲ್ಲಿ ಏನೂ ಇರಲಿಲ್ಲ. ಹಾಗಾಗಿ ಪುಸ್ತಕದಾಚೆಗೆ ಏನನ್ನಾದರೂ ಹೇಳುವುದನ್ನೇ ಬಿಟ್ಟರು.

ನನಗೆ ನನ್ನ ಪೀರಿಯಡ್ಡುಗಳು ಮರಳಿ ಸಿಕ್ಕವು. ಗಿರಣಿ ಶುರುವಾದರೂ ಯಾರೂ ಏಳುತ್ತಿರಲಿಲ್ಲ. ಹುಡುಗರು ನೆಮ್ಮದಿಯಾಗಿ ತೂಕಡಿಸುತ್ತಿದ್ದರು.

ದುರುಗಮ್ಮನ ಮದುವೆಯಾಯಿತು. ಇನ್ನೂ ವಯಸ್ಸಾಗಿರಲಿಲ್ಲ, ಸರ್ ಮನೆಗೆ ಹೋಗಿ ಹೇಳಿ ನೋಡಿದರಂತೆ, ಅವರ ಮಾತಿಗೆ ಆ ಮನೆಯಲ್ಲಿ ಬೆಲೆ ಉಳಿದಿರಲಿಲ್ಲ. ನಾನು ಹೋಗಲಿಲ್ಲ. ದೂರು ಕೊಡಬಹುದಿತ್ತು, ತಡೆಯಬಹುದಿತ್ತು — ಆಗ ಎಲ್ಲರೂ ಮೊದಲಿನಿಂದ ವಿಚಾರಿಸುತ್ತಿದ್ದರು, ವಿಚಾರಿಸಿದರೆ ಆ ಸಂಜೆಯ ಮಾತು ಹೊರಗೆ ಬರುತ್ತಿತ್ತು. ಸುಮ್ಮನಾದೆ. ಮಾತು ನನ್ನ ಕಸುಬು. ಎಲ್ಲಿ ಬೇಕಿತ್ತೋ ಅಲ್ಲಿ ಅದು ನನ್ನ ಹತ್ತಿರ ಇರಲಿಲ್ಲ.

ಹಲವು ವರ್ಷಗಳ ನಂತರ ಅವಳನ್ನು ಕಂಡೆ. ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ, ತೆಲಿಗಿ ಬಸ್ಸಿಗೆ ಕಾಯುತ್ತಿದ್ದ ಕೂಲಿ ಹೆಂಗಸರ ಗುಂಪಿನಲ್ಲಿ. ನಾನು ಗುರುತು ಹಿಡಿಯುವ ಮೊದಲೇ ಅವಳು ಹಿಡಿದಳು. ಸೆರಗು ಸರಿ ಮಾಡಿಕೊಂಡು ಎದ್ದು ನಿಂತಳು — ಮೇಷ್ಟ್ರನ್ನು ಕಂಡರೆ ಏಳಬೇಕಲ್ಲ.

"ಆರಾಮದೀರೇನ್ರಿ ಸರ್?"

"ಆರಾಮ. ನೀನು?"

"ಅದೀನ್ರಿ."

ಹೇಳಲು ನನ್ನ ಬಾಯಲ್ಲಿ ಎಲ್ಲ ಇತ್ತು. ಬಸ್ಸು ಬಂತು. ಅವಳು ಹತ್ತಿದಳು. ನಾನು ಕೈಯೆತ್ತಿದೆ, ಅವಳು ನೋಡಿದಳೋ ಇಲ್ಲವೋ.

ಇಲ್ಲಿಯವರೆಗೆ ಬರೆದದ್ದನ್ನು ಓದಿ ನೋಡಿದೆ. ನಾನು ಅದೇ ಕೆಲಸ ಮತ್ತೆ ಮಾಡಿದ್ದೇನೆ — ಒಂದು ಮಾತನ್ನು ಕೊನೆಗೆಂದು ಇಟ್ಟುಕೊಂಡಿದ್ದೇನೆ. ಈ ಸಲ ನನ್ನ ವಿರುದ್ಧವಾಗಿ ಇಟ್ಟುಕೊಂಡದ್ದು ಎನ್ನಬಹುದು. ಆದರೂ ಚಟ ಚಟವೇ. ಈಗ ಹೇಳಿಬಿಡುತ್ತೇನೆ.

ಆ ಸಂಜೆಯ ಮಾತುಕತೆಯನ್ನು ಪೂರ್ತಿ ಬರೆದಿಲ್ಲ. ದುರುಗಮ್ಮ ಬಲ್ಬು ಹತ್ತಿಸುವುದು ಹೇಗೆಂದು ಕೇಳಲು ಬಂದಿರಲಿಲ್ಲ. ಅವಳು ವಾರವಿಡೀ ಮಾಡಿ ನೋಡಿದ್ದಳು. ಹೊಸ ಉಳ್ಳಾಗಡ್ಡಿ, ಹಳೆಯ ಉಳ್ಳಾಗಡ್ಡಿ, ಉಪ್ಪುನೀರಲ್ಲಿ ನೆನೆಸಿದ್ದು, ಎರಡು ಸೇರಿಸಿದ್ದು. ನೋಡಿ, ತಾನೇ ತೀರ್ಮಾನಕ್ಕೆ ಬಂದಿದ್ದಳು. ಅವಳು ಕೇಳಿದ್ದು ಇದು:

"ಸರ್, ಇದು ಹತ್ತಂಗಿಲ್ರಿ. ಟಿ.ವಿ.ಯಾಗ ತೋರಿಸಿದ್ದು ಖರೇ ಅಲ್ಲ ಅನಸ್ತೈತಿ. ನಾಳಿ ಮಂದಿ ಮುಂದ ಹಂಗ ಹೇಳಿಬಿಡ್ಲೇನ್ರಿ — ನಾ ಮಾಡಿ ನೋಡೀನಿ, ಹತ್ತಲಿಲ್ಲ ಅಂತ?"

ಅದನ್ನು ಕೇಳಿ ನಾನು ಹೆದರಿದೆ. ನನ್ನ ಉತ್ತರದ ಪಾಳಿಯ ಮಾತನ್ನು ಆ ಹುಡುಗಿ ನನಗಿಂತ ಮೊದಲು, ನನಗಿಂತ ಸರಳವಾಗಿ, ಯಾರನ್ನೂ ನೋಯಿಸದೆ ಹೇಳಿಬಿಡುತ್ತಿದ್ದಳು. ಸರ್ ಹೆಮ್ಮೆಪಡುತ್ತಿದ್ದರು — ನೋಡಿದ್ದನ್ನು ತೂಗಿ ನೋಡುವ ಹುಡುಗಿಯನ್ನು ಆ ಟಿ.ವಿ.ಯೇ ತಯಾರು ಮಾಡಿತ್ತು. ಹನುಮಂತಪ್ಪನ ಎದುರು ಅವಳು ನಿಂತು, ಊರು ನಂಬಿದ್ದನ್ನು ಅಲ್ಲವೆನ್ನುತ್ತಿದ್ದಳು, ಜನ ಕಿವಿಗೊಡುತ್ತಿದ್ದರು.

ಹಾಗೆ ಆಗದಿರಲೆಂದೇ ನಾನು, "ಹಂಗೆಲ್ಲಾ ಹೇಳಬ್ಯಾಡ. ನಾಳೆ ಹತ್ತತೈತಿ" ಎಂದೆ. ಅವಳು ತನ್ನ ಕಣ್ಣಾರೆ ಕಂಡದ್ದನ್ನು ಬಿಟ್ಟು ನನ್ನ ಮಾತನ್ನು ಹಿಡಿದಳು.

ಸಂದೇಹ ಪಡುವುದನ್ನು ಮಕ್ಕಳಿಗೆ ಕಲಿಸಬೇಕೆಂದು ನಾನು ಎಷ್ಟೋ ವೇದಿಕೆಗಳಲ್ಲಿ ವಾದಿಸಿದ್ದೇನೆ. ಸಂದೇಹ ಪಡುವುದನ್ನು ತಾನೇ ಕಲಿತು ನನ್ನ ಬಾಗಿಲಿಗೆ ಬಂದ ಒಬ್ಬಳೇ ಒಬ್ಬಳನ್ನು, ಕಲಿತದ್ದು ತಪ್ಪೆಂದು ಹೇಳಿ ಕಳಿಸಿದೆ.

ಕೊಟ್ರೇಶಪ್ಪ ಸರ್ ನಿವೃತ್ತರಾಗಿ ಹಡಗಲಿಯಲ್ಲಿದ್ದಾರೆ. ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಅವರ ಎದುರು ಕೂತು ಓದಿ ಹೇಳುತ್ತೇನೆ. ಅವರು ಕ್ಷಮಿಸಿಬಿಡುತ್ತಾರೆ ಎಂಬುದೇ ನನ್ನ ಭಯ. ದುರುಗಮ್ಮನಿಗೆ ಏನು ಓದಿ ಹೇಳಲಿ? ಅವಳಿಗೆ ಇದರಲ್ಲಿ ಹೊಸದೇನೂ ಇಲ್ಲ. ಅವಳು ಅಂದು ಒಂದು ಪ್ರಶ್ನೆ ಕೇಳಿದ್ದಳು — ಹೇಳಿಬಿಡ್ಲೇನ್ರಿ ಎಂದು. ಅದಕ್ಕೆ ಭಾಷಣ ಬೇಕಿರಲಿಲ್ಲ, ವಾದ ಬೇಕಿರಲಿಲ್ಲ. "ಹೇಳು" ಎಂದಿದ್ದರೆ ಸಾಕಿತ್ತು.